ಅಳಿವೆಯ ದಿನ ನಾನು ಹೇಳಿದ ಸುಳ್ಳು

ಮೊದಲೇ ಹೇಳಿಬಿಡುತ್ತೇನೆ. ಅವತ್ತು ದೋಣಿ ಹೊರಟಿದ್ದರೆ ಮುಳುಗುತ್ತಿತ್ತು ಎಂದು ನಾನು ಸಾಬೀತು ಮಾಡಲಾರೆ. ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಅದೇ ದಿನ ಮಧ್ಯಾಹ್ನದ ಮೇಲೆ ಬೇರೆ ಕೇರಿಯ ಎರಡು ದೋಣಿಗಳು ಅದೇ ಅಳಿವೆ ದಾಟಿ ಹೋಗಿ ಮೀನು ತುಂಬಿಕೊಂಡು ಬಂದವು. ಅದನ್ನು ನನ್ನ ಮುಖಕ್ಕೆ ಹಿಡಿದವರು ಎಷ್ಟೋ ಮಂದಿ. ಹಿಡಿಯಲಿ. ನಾನು ಮಾಡಿದ್ದು ಸರಿ ಎಂದು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ.

ನಮ್ಮ ಮನೆ ಶರಾವತಿಯ ದಕ್ಷಿಣ ದಡದಲ್ಲಿ, ಹೊನ್ನಾವರಕ್ಕೆ ಎದುರು. ಹೊಳೆ ಸಮುದ್ರ ಸೇರುವ ಬಾಯಿಗೆ ನಾವು ಅಳಿವೆ ಎನ್ನುತ್ತೇವೆ. ಅಲ್ಲಿ ಹೊಳೆ ತಂದು ಸುರಿದ ಮರಳು ನೀರಿನ ಕೆಳಗೆ ದಿಬ್ಬವಾಗಿ ಕೂತಿರುತ್ತದೆ. ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ನೀರು ಇಳಿಯುವ ಹೊತ್ತಿಗೆ ಹೊಳೆ ಹೊರಗೆ ತಳ್ಳುತ್ತದೆ, ಸಮುದ್ರ ಒಳಗೆ ತಳ್ಳುತ್ತದೆ, ನಡುವೆ ಸಿಕ್ಕ ದೋಣಿಯ ಪಾಡು ದೇವರಿಗೇ ಪ್ರೀತಿ. ನನ್ನ ಅಜ್ಜ ಅಲ್ಲೇ ಹೋದವನು. ನಮ್ಮ ಕೇರಿಯಲ್ಲಿ ಹಾಗೆ ಹೋದವರಿಲ್ಲದ ಮನೆ ಕಡಿಮೆ, ಆದ್ದರಿಂದ ಅದನ್ನು ಯಾರೂ ದೊಡ್ಡ ಕತೆ ಮಾಡಿ ಹೇಳುತ್ತಿರಲಿಲ್ಲ.

ಅಪ್ಪ ತಾಂಡೇಲ, ಎಂದರೆ ದೋಣಿಯ ಯಜಮಾನ. ರಂಪಣಿ ಬಲೆ ಎಳೆಯುವ ದೊಡ್ಡ ದೋಣಿ ಅವನ ಕೈಯಲ್ಲಿತ್ತು. ನಾನು ಕಾಲೇಜಿಗೆ ಸೇರುವ ಹೊತ್ತಿಗೆ, ಎಪ್ಪತ್ತರ ದಶಕದ ಕೊನೆಗೆ, ಮಷೀನಿನ ಬೋಟುಗಳು ಬಂದು ರಂಪಣಿಗೆ ಮೀನೇ ಉಳಿದಿರಲಿಲ್ಲ. ದೊಡ್ಡ ದೋಣಿ ಚಪ್ಪರದ ಕೆಳಗೆ ಬಿದ್ದಿರುತ್ತಿತ್ತು. ಅಪ್ಪ ಸಣ್ಣ ಪಾತಿಯಲ್ಲಿ, ಇಬ್ಬರು ಕೂರುವ ದೋಣಿಯಲ್ಲಿ, ಹೊಳೆಯ ಮೀನು ಹಿಡಿಯುತ್ತಿದ್ದ. ಅಮ್ಮ ಬುಟ್ಟಿ ಹೊತ್ತು ಮಾರುತ್ತಿದ್ದಳು. ನಮ್ಮ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂದುಕೊಂಡರೂ ಅಡ್ಡಿಯಿಲ್ಲ.

ಆಚೆ ದಡದಲ್ಲಿ ಫಾದರ್‌ಗಳು ನಡೆಸುತ್ತಿದ್ದ ಸಣ್ಣ ಕಾಲೇಜು. ಅದು ಈಗ ಇಲ್ಲ, ಇದ್ದಿದ್ದರೂ ಹೆಸರು ಹೇಳುತ್ತಿರಲಿಲ್ಲ. ಫೀಸು ಮಾಫಿ ಮಾಡಿ ನನಗೆ ಸೀಟು ಕೊಟ್ಟವರು ಅವರೇ. ಆ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಉಪಕಾರ ಮಾಡಿದವರು ಹೇಳಿದ್ದೆಲ್ಲ ಸರಿ ಎಂದು ಒಪ್ಪಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ, ಅವರದರಲ್ಲೂ ಇಲ್ಲ.

ಮೊದಲ ವರ್ಷದವರಿಗೆಲ್ಲ ಐದು ದಿನದ ಸಾಹಸ ಶಿಬಿರ ಕಡ್ಡಾಯ. ಶಿಬಿರ ಮುಗಿಸಿದ ಚೀಟಿ ಇಲ್ಲದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಅದನ್ನು ನಡೆಸುತ್ತಿದ್ದವರು ನಾವು ಸಣ್ಣ ಫಾದರ್ ಎಂದು ಕರೆಯುತ್ತಿದ್ದ ಎಳೆಯ ಪಾದ್ರಿ. ಘಟ್ಟದ ಮೇಲಿನ ಊರಿನವರು. ಕೊರಳಲ್ಲಿ ಸೀಟಿ, ಕೈಯಲ್ಲಿ ಒಂದು ನೋಟ್‌ಬುಕ್. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಕಾಲಂ: ಧೈರ್ಯ, ಸಹಕಾರ, ವಿಧೇಯತೆ. ಒಳ್ಳೆಯ ಮನುಷ್ಯ. ನಮಗಿಂತ ಮುಂಚೆ ಏಳುತ್ತಿದ್ದರು, ನಮ್ಮ ಜೊತೆಗೇ ಗಂಜಿ ಉಣ್ಣುತ್ತಿದ್ದರು, ಹುಡುಗಿಯರನ್ನು ಅಡುಗೆಗೆ ಬಿಟ್ಟು ಹುಡುಗರನ್ನು ಮಾತ್ರ ಗುಡ್ಡ ಹತ್ತಿಸುವ ಜಾತಿಯವರಲ್ಲ. ಅವರ ಮೇಲೆ ನನಗೆ ಸಿಟ್ಟಿರುವುದು ಒಂದೇ ವಿಷಯಕ್ಕೆ. ಭಯ ಎಂದರೆ ಗೆಲ್ಲಬೇಕಾದದ್ದು ಎಂದು ಅವರು ನಂಬಿದ್ದರು. ನಮ್ಮ ಕೇರಿಯಲ್ಲಿ ಭಯ ಎಂದರೆ ಕೇಳಬೇಕಾದದ್ದು.

ಮೊದಲ ದಿನ ಗುಡ್ಡ. ಎರಡನೇ ದಿನ ಕರ್ಕಿಯಿಂದ ಕಡಲಂಚಿನಲ್ಲಿ ನಡೆದು ಧಾರೇಶ್ವರ, ಅಲ್ಲಿಂದ ಕುಮಟೆ. ಬೆನ್ನಿಗೆ ಕ್ಯಾನ್ವಾಸ್ ಚೀಲ. ಪೇಟೆಯ ಹುಡುಗರು ಧಾರೇಶ್ವರ ಮುಟ್ಟುವಷ್ಟರಲ್ಲಿ ಹೆಗಲು ಉಜ್ಜಿಕೊಳ್ಳುತ್ತ ಕೂತರು. ನಾನು ಚೀಲ ಬಿಚ್ಚಿ, ವೇಲನ್ನು ಸುತ್ತಿ ಸಿಂಬಿ ಮಾಡಿ, ತಲೆಯ ಮೇಲೆ ಇಟ್ಟುಕೊಂಡು ಕೈಬೀಸಿ ನಡೆದೆ. ಅಮ್ಮ ದಿನಾ ಹಾಗೇ ನಡೆಯುತ್ತಾಳೆ, ಅದಕ್ಕೆ ಯಾರೂ ಚೀಟಿ ಕೊಡುವುದಿಲ್ಲ. ಸಣ್ಣ ಫಾದರ್ ನಕ್ಕು ಧೈರ್ಯದ ಕಾಲಂನಲ್ಲಿ ಏನೋ ಬರೆದುಕೊಂಡರು. ನಾಲ್ಕನೇ ದಿನ ಮುರ್ಡೇಶ್ವರ. ಆಗ ಅಲ್ಲಿ ಗುಡ್ಡ, ಹಳೇ ದೇವಸ್ಥಾನ, ಮೀನುಗಾರರ ಮನೆಗಳು ಅಷ್ಟೇ. ಭಟ್ಕಳದ ನನ್ನ ಗೆಳತಿಯೂ ನಾನೂ ಎದೆಮಟ್ಟ ನೀರಿಗಿಳಿದು ಹುಚ್ಚು ಹಿಡಿದವರಂತೆ ಕುಣಿದೆವು. ಅವಳು ಮನೆಯಲ್ಲಿ ನವಾಯಿತಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಉರ್ದು. ಶಿಬಿರಕ್ಕೆ ಬರಲು ಮನೆಯಲ್ಲಿ ಮೂರು ದಿನ ಊಟ ಬಿಟ್ಟು ಕೂತು ಗೆದ್ದವಳು.

ಐದನೇ ದಿನ ಅಳಿವೆ. ಅಪ್ಪನ ದೊಡ್ಡ ದೋಣಿಯಲ್ಲಿ ಮೊದಲ ವರ್ಷದವರೆಲ್ಲ ಕೂತು, ಹುಟ್ಟು ಹಾಕುವವರ ಜೊತೆ ತಾವೂ ಹುಟ್ಟು ಹಾಕಿ, ಅಳಿವೆ ದಾಟಿ ಸಮುದ್ರಕ್ಕೆ ಹೋಗಿ ತಿರುಗಿ ಬರುವುದು. ಹಿಂದಿನ ವಾರವೇ ಸಣ್ಣ ಫಾದರ್ ಬಂದು ಅಪ್ಪನನ್ನು ಕೇಳಿದ್ದರು. ಆಗ ಸಮುದ್ರ ತಟ್ಟೆಯ ಹಾಗಿತ್ತು. ಮಗಳ ಕಾಲೇಜಿನ ಫಾದರ್ ಮನೆ ಬಾಗಿಲಿಗೆ ಬಂದು ಕೇಳಿದಾಗ ಅಪ್ಪ ಇಲ್ಲ ಎನ್ನುವುದು ಹೇಗೆ. ಹೂಂ ಎಂದ.

ಚೌತಿ ಕಳೆದ ವಾರ ಅದು. ಸಮುದ್ರ ಇನ್ನೂ ಪೂರ್ತಿ ಪಳಗಿರದ ದಿನಗಳು. ಹಿಂದಿನ ಸಂಜೆಯಿಂದಲೇ ನೈರುತ್ಯದ ಗಾಳಿ ಎದ್ದಿತ್ತು. ದೋಣಿ ಇದ್ದದ್ದು ಮರಳ ದಿಣ್ಣೆಯ ಒಳಬದಿಗೆ, ಹೊಳೆಯ ಕಡೆ. ಅಲ್ಲಿ ನಿಂತರೆ ಅಳಿವೆ ಕಾಣಿಸುವುದಿಲ್ಲ, ಕೇಳಿಸುತ್ತದೆ. ಅಪ್ಪನೂ ಅವನ ದೋಣಿಗೆ ಹುಟ್ಟು ಹಾಕುವ ಎಂಟು ಜನರೂ ಬೆಳಿಗ್ಗೆ ದೋಣಿಯನ್ನು ಚಪ್ಪರದಿಂದ ಎಳೆದು ನೀರಂಚಿಗೆ ತಂದರು. ಅಪ್ಪ ದೋಣಿಯ ಮುಂತುದಿಗೆ ಹೂವು ಏರಿಸಿ, ಮುಟ್ಟಿ, ಕೈಯನ್ನು ಹಣೆಗೆ ಒತ್ತಿಕೊಂಡ. ಆಮೇಲೆ ದಿಣ್ಣೆ ಹತ್ತಿ ಅಳಿವೆ ನೋಡಲು ಹೋದ.

ಇಲ್ಲಿ ತಪ್ಪಾಯಿತು. ದೋಣಿ ಮುಟ್ಟಿ ಕೈಮುಗಿದ ಮೇಲೆ ನಮ್ಮ ಕೇರಿಯಲ್ಲಿ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಎಲ್ಲಿಗೆ ಎಂದು ಕೇಳುವುದಿಲ್ಲ. ಬೇಡ ಎನ್ನುವುದಿಲ್ಲ. ಮುಳುಗುವ ಮಾತಂತೂ ಇಲ್ಲವೇ ಇಲ್ಲ. ಅದನ್ನು ತಾಂಡೇಲನೇ ಆಡಿದರೆ ಆ ದೋಣಿಗೆ ಮತ್ತೆ ಜನ ಹತ್ತುವುದಿಲ್ಲ. ಆದ್ದರಿಂದ ಯಾವ ತಾಂಡೇಲನೂ ಮೊದಲು ಅಳಿವೆ ನೋಡಿ ಆಮೇಲೆ ದೋಣಿ ಮುಟ್ಟುತ್ತಾನೆ. ಅಪ್ಪ ಅವತ್ತು, ಫಾದರ್ ಕಾಯುತ್ತಿದ್ದಾರೆ ಎಂಬ ಅವಸರದಲ್ಲಿ, ತಿರುಗಾಮುರುಗಾ ಮಾಡಿದ್ದ.

ನಾನೂ ಅವನ ಹಿಂದೆ ದಿಣ್ಣೆ ಹತ್ತಿದೆ. ಅಳಿವೆಯ ಅಡ್ಡಕ್ಕೆ ಮೂರು ಸಾಲು ಬಿಳಿ. ಒಂದು ಒಡೆದು ಮುಗಿಯುವ ಮೊದಲೇ ಇನ್ನೊಂದು ಏಳುತ್ತಿತ್ತು. ನೀರು ಇಳಿಯುತ್ತಿತ್ತು. ಅಪ್ಪ ಹೆಚ್ಚು ಹೊತ್ತು ನೋಡಲಿಲ್ಲ. ತಿರುಗಿದ. ನಾನು ಅಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ. ಅವನ ಮುಖ ನೋಡಿದೆ. ಅಜ್ಜನ ಹೆಣ ಸಿಕ್ಕ ದಿನ ಮಾತ್ರ ನಾನು ಆ ಮುಖ ನೋಡಿದ್ದು.

ಕೆಳಗೆ ಸಣ್ಣ ಫಾದರ್ ಸೀಟಿ ಊದಿ ಎಲ್ಲರನ್ನೂ ಸಾಲು ನಿಲ್ಲಿಸಿದ್ದರು. "ಹೊರಡೋಣವೇ?" ಎಂದು ಕೇಳಿದರು.

"ಹೋಗ್ವಾ," ಎಂದ ಅಪ್ಪ.

ಅಷ್ಟೇ. ಎಂಟು ಜನ ಹುಟ್ಟು ಎತ್ತಿಕೊಂಡರು. ಅವರಿಗೆ ಕಿವಿ ಇರಲಿಲ್ಲವೇ, ಅವರಿಗೆ ಅಳಿವೆ ಕೇಳಿಸುತ್ತಿರಲಿಲ್ಲವೇ? ಎಲ್ಲ ಕೇಳಿಸುತ್ತಿತ್ತು. ಆದರೆ ಬಾಯಿ ಬಿಡುವಂತಿಲ್ಲ. ಅಪ್ಪ ನೀರಿಗೆ ಕಾಲಿಟ್ಟ, ಕಾಲು ತೆಗೆದ, ಮತ್ತೆ ಇಟ್ಟ.

ನಾನು ಸಣ್ಣ ಫಾದರ್ ಬಳಿ ಹೋಗಿ, "ಫಾದರ್, ಇವತ್ತು ಬೇಡ, ಅಳಿವೆ ಸರಿ ಇಲ್ಲ," ಎಂದೆ.

ಅವರು ನನ್ನ ಹೆಗಲು ತಟ್ಟಿದರು. "ನಿನ್ನ ತಂದೆಯೇ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಅವರಿಗಿಲ್ಲದ ಹೆದರಿಕೆ ನಿನಗೇಕೆ?" ಎಂದವರು ಎಲ್ಲರಿಗೂ ಕೇಳುವ ಹಾಗೆ, "ನೋಡಿ, ಭಯ ಎಲ್ಲರಿಗೂ ಆಗುತ್ತದೆ. ಅದನ್ನು ದಾಟುವುದೇ ಇವತ್ತಿನ ಪಾಠ," ಎಂದರು. ಹಿಂದಿನಿಂದ ಒಬ್ಬ ಹುಡುಗ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ. ಎಲ್ಲರೂ ನಕ್ಕರು. ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ಈಜು ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಮೀನುಗಾರರ ಹೆಣ್ಣಿಗೆ ಈಜು ಕಲಿಸುವವರು ಯಾರು?

ಹುಡುಗರು ಹತ್ತಲು ಹೋದರು. ನಾನು ಅವರನ್ನು ತಳ್ಳಿ ಮುಂದೆ ಹೋಗಿ ದೋಣಿಯ ಮುಂತುದಿಯ ಮೇಲೆ, ಹೂವಿನ ಮೇಲೇ, ಎರಡೂ ಕೈ ಊರಿ ನಿಂತೆ.

"ನಾನು ಹೊರಗಾಗಿದ್ದೇನೆ," ಎಂದೆ.

ಮುಟ್ಟಾದ ಹೆಣ್ಣು ಮುಟ್ಟಿದ ದೋಣಿ ಅವತ್ತು ನೀರಿಗಿಳಿಯುವುದಿಲ್ಲ. ಇದು ಹೇಳಿಕೊಡಬೇಕಾದ ಮಾತಲ್ಲ. ಎಂಟು ಜನ ಹುಟ್ಟನ್ನು ಮರಳಿನ ಮೇಲೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿದರು. ಹುಡುಗರು ಆಕಾಶ ನೋಡಿದರು, ಮರಳು ನೋಡಿದರು. ಘಟ್ಟದ ಮೇಲಿನ ಸಣ್ಣ ಫಾದರ್‌ಗೂ ಅರ್ಥವಾಯಿತು, ಕಿವಿವರೆಗೂ ಕೆಂಪಾದರು. ಹದಿನೇಳು ವರ್ಷದ ಹುಡುಗಿ, ಅಷ್ಟು ಗಂಡಸರ ಎದುರು, ಹೆತ್ತ ಅಪ್ಪನ ಎದುರು ಹೇಳುವ ಮಾತೇ ಅದು? ಅಲ್ಲ. ಅದಕ್ಕೇ ಹೇಳಿದೆ. ಅದು ಸುಳ್ಳಿರಬಹುದು ಎಂದು ಯಾರೂ ಅಂದುಕೊಳ್ಳಲಾರರು ಎಂದು ನನಗೆ ಗೊತ್ತಿತ್ತು.

ಅಪ್ಪ ಬಂದು ಕೆನ್ನೆಗೆ ಒಂದು ಬಿಟ್ಟ. ನನಗೆ ಅವನು ಹೊಡೆದದ್ದು ಅದೊಂದೇ ಸಲ.

ಸಣ್ಣ ಫಾದರ್‌ಗೆ ಮಾತು ಬಂದ ಮೇಲೆ ಬಂದದ್ದು ಸಿಟ್ಟು. "ದೋಣಿ ಮರದ್ದು. ಮರಕ್ಕೆ ಎಂಥ ಮೈಲಿಗೆ? ನೀನು ಓದುವ ಹುಡುಗಿ. ಇಂಥ ಮೂಢನಂಬಿಕೆಯಿಂದ ಇಷ್ಟು ಜನರ ಶಿಬಿರ ಕೆಡಿಸಿದೆಯಲ್ಲ," ಎಂದರು. ಅವರು ಹೇಳಿದ ಒಂದೊಂದು ಅಕ್ಷರವೂ ನನ್ನದೇ ಅಭಿಪ್ರಾಯ. ಹೌದು ಫಾದರ್ ಎಂದು ಬಾಯಿ ಬಿಡುವಂತಿರಲಿಲ್ಲ. ಭಟ್ಕಳದ ಗೆಳತಿ ನನ್ನನ್ನು ಕೈಹಿಡಿದು ದೂರ ಕರೆದುಕೊಂಡು ಹೋದಳು.

"ನಿನ್ನೆ ಎದೆಮಟ್ಟ ನೀರಲ್ಲಿದ್ದೆಯಲ್ಲ," ಎಂದಳು ಮೆಲ್ಲಗೆ.

"ಇವತ್ತು ಬೆಳಿಗ್ಗೆ ಬಂತು," ಎಂದೆ.

"ಸುಳ್ಳಿ," ಎಂದಳು. ಆಮೇಲೆ ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಅಮ್ಮನ ಕಣ್ಣು ತಪ್ಪಿಸಲಾಗುವುದಿಲ್ಲ. ಅವಳ ಲೆಕ್ಕ ನನ್ನ ಲೆಕ್ಕಕ್ಕಿಂತ ಗಟ್ಟಿ. ಸುದ್ದಿ ಅವಳಿಗೆ ಪೇಟೆಯಲ್ಲೇ ಮುಟ್ಟಿತ್ತು. ಬುಟ್ಟಿ ಇಳಿಸಿದವಳೇ ನನ್ನನ್ನು ಹಿತ್ತಲಿಗೆ ಕರೆದಳು.

"ನಿಂಗೆ ಇನ್ನೂ ಎಂಟು ದಿನ ಇತ್ತಲ್ಲೇ?"

ನಾನು ಎಲ್ಲ ಹೇಳಿದೆ. ಅಳಿವೆ, ಹೂವು, ಅಪ್ಪನ ಮುಖ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಆತು. ಹೇಳಿದ್ದು ಹೇಳಿ ಆತು. ಈಗ ಮೂರು ದಿನ ಹೊರಗೆ ಕೂತ್ಕೊ. ಕೇರಿ ನೋಡ್ತಾ ಇರ್ತದೆ. ಅಪ್ಪಂಗೆ ಮಾತ್ರ ಗೊತ್ತಾಗೂಕಾಗ," ಎಂದಳು.

ಕೂತೆ. ಜಗುಲಿಯ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಇಲ್ಲದ ಮೈಲಿಗೆಗೆ ಮೂರು ದಿನ ಶಿಕ್ಷೆ. ಅಪ್ಪ ನನ್ನ ಕಣ್ಣೆದುರಿಗೇ ದೋಣಿಯನ್ನು ಅರಿಶಿನದ ನೀರಿನಲ್ಲಿ ತೊಳೆದು, ಕಾಯಿ ಒಡೆದು ಶುದ್ಧ ಮಾಡಿದ. ನನ್ನ ಕಡೆ ನೋಡಲಿಲ್ಲ. ಹೋಗಿಬರುವ ಹೆಂಗಸರು, "ದೋಣಿ ಮುಟ್ಟೂಕೆ ಹೋಗಿದ್ದು ಎಂತಕ್ಕೆ ಮಾರಾಯ್ತಿ? ಮೊದ್ಲೇ ಹೇಳೂಕೆ ಬಾಯಿ ಇರ್ಲಿಲ್ವಾ?" ಎಂದು ಕೇಳಿ ಹೋಗುತ್ತಿದ್ದರು. ನನಗೆ ಅಳು ಬರಲಿಲ್ಲ.

ಕಾಲೇಜಿಗೆ ಹೋದ ದಿನವೇ ದೊಡ್ಡ ಫಾದರ್ ಕರೆಸಿದರು. ಪ್ರಿನ್ಸಿಪಾಲರಿಗೆ ನಾವು ಹಾಗೆ ಹೇಳುತ್ತಿದ್ದೆವು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಮೆತ್ತಗೆ ಮಾತಾಡುವವರ ಎದುರು ಹಟ ಮಾಡುವುದು ಕಷ್ಟ. ಅವರ ಮೇಜಿನ ಮೇಲೆ ಟೈಪ್ ಮಾಡಿದ ಕಾಗದ ತಯಾರಿತ್ತು. ಮೂಢನಂಬಿಕೆಗೆ ಒಳಗಾಗಿ ಶಿಬಿರಕ್ಕೆ ಅಡ್ಡಿಪಡಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ, ಅಪ್ಪನ ಸಹಿ.

"ಸಹಿ ಮಾಡು. ಚೀಟಿ ಕೊಡುತ್ತೇವೆ. ಇಲ್ಲಿಗೆ ಮುಗಿಯಿತು," ಎಂದರು.

"ಮೂಢನಂಬಿಕೆ ಅಂತ ಇದೆ ಫಾದರ್. ಅದಕ್ಕೆ ನಾನು ಸಹಿ ಮಾಡುವುದಿಲ್ಲ."

"ಮತ್ತೆ ಅದು ಏನು?"

ಇಲ್ಲಿ ನಾನು ಸಿಕ್ಕಿಬಿದ್ದೆ. ಅದು ಸುಳ್ಳು ಎಂದರೆ, ಮಗಳು ಸುಳ್ಳು ಹೇಳಿ ದೋಣಿ ನಿಲ್ಲಿಸಿದಳು ಎಂದು ಅಪ್ಪನ ಕಿವಿಗೆ ಬೀಳುತ್ತದೆ. ಅಳಿವೆ ಕೆಟ್ಟಿತ್ತು ಎಂದರೆ, ಕೆಟ್ಟ ಅಳಿವೆಗೆ ಇಷ್ಟು ಮಕ್ಕಳನ್ನು ಕರೆದೊಯ್ಯಲು ಹೊರಟವನು ಅಪ್ಪ ಎಂದಾಗುತ್ತದೆ. ಎತ್ತ ಹೋದರೂ ಎದುರಿಗೆ ಅಪ್ಪನೇ ನಿಂತಿದ್ದ.

ದೊಡ್ಡ ಫಾದರ್ ಕನ್ನಡಕ ತೆಗೆದು ಇಟ್ಟರು. "ಸೋಮವಾರ ನಿನ್ನ ತಂದೆಯನ್ನು ಕರೆದುಕೊಂಡು ಬಾ. ಸಹಿ ಮಾಡಿದರೆ ಇಲ್ಲಿ ಓದು. ಇಲ್ಲವಾದರೆ ಟಿ.ಸಿ. ತೆಗೆದುಕೊಂಡು ಹೋಗು," ಎಂದರು. ಅದೂ ಮೆತ್ತಗೇ.

ಟಿ.ಸಿ. ತೆಗೆದುಕೊಂಡರೆ ನನಗೆ ಬೇರೆ ಕಾಲೇಜಿಲ್ಲ. ಮಾಫಿ ಫೀಸಿನ ಸೀಟು ಇನ್ನೆಲ್ಲೂ ಹುಟ್ಟುವುದಿಲ್ಲ. ಬುಟ್ಟಿ ಹೊರುವುದಕ್ಕೆ ನನಗೆ ನಾಚಿಕೆ ಇರಲಿಲ್ಲ, ಆದರೆ ನನಗೆ ಓದಬೇಕಿತ್ತು. ಅದನ್ನು ಬೇರೆ ಬಣ್ಣ ಹಚ್ಚಿ ಹೇಳುವುದು ನನಗೆ ಬರುವುದಿಲ್ಲ. ಓದಬೇಕಿತ್ತು, ಅಷ್ಟೇ.

ಸೋಮವಾರ ಬೆಳಿಗ್ಗೆ ಎದ್ದರೆ ನಿಜವಾಗಿಯೂ ಮುಟ್ಟಾಗಿತ್ತು. ಸುಳ್ಳು ಹೇಳುವಾಗ ಎಂಟು ದಿನದ ಆಚೆ ಏನು ಗತಿ ಎಂದು ನಾನು ಯೋಚಿಸಿರಲೇ ಇಲ್ಲ. ಮುಟ್ಟಿನ ದಿನಗಳಲ್ಲಿ ನಾನು ಅಪ್ಪನ ಪಾತಿ ಹತ್ತುವಂತಿರಲಿಲ್ಲ. ಅವತ್ತು ಹತ್ತುವುದಿಲ್ಲ ಎಂದರೆ ಎರಡು ವಾರದಲ್ಲಿ ಎರಡು ಸಲ ಹೇಗೆ ಎಂದು ಅಪ್ಪ ಕೇಳುತ್ತಾನೆ. ಅಮ್ಮನಿಗೆ ಹೇಳಿದೆ. ಅವಳು ಒಲೆಯ ಮುಂದೆ ತಲೆಮೇಲೆ ಕೈಹೊತ್ತು ಕೂತಳು. "ಒಂದು ಸುಳ್ಳು ಹೇಳಿದ್ರೆ ಹಿಂದೆ ಹತ್ತು ಬತ್ತದೆ ಅಂತಾರೆ, ನಿಂಗೆ ನಿಜವೇ ಹಿಂದೆ ಬಂತಲ್ಲೇ," ಎಂದಳು. ಅಷ್ಟು ಹೆದರಿದ್ದರೂ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ನಗು ನಿಲ್ಲಿಸಿ, "ಬಾಯಿ ಮುಚ್ಕಂಡು ಹತ್ತು. ಎಂತ ಆಗ್ತದೋ ನಾನೂ ನೋಡ್ತೆ," ಎಂದಳು.

ಹತ್ತಿದೆ. ಪಾತಿಯಲ್ಲಿ ಒದ್ದೆ ಬಲೆ ಇತ್ತು, ನನ್ನ ಕಾಲು ಅದರ ಮೇಲೇ ಇತ್ತು. ಅಪ್ಪ ಹುಟ್ಟು ಹಾಕಿದ. ಹೊಳೆ ಸುಮ್ಮನೆ ಹರಿಯುತ್ತಿತ್ತು. ಆಚೆ ದಡ ಮುಟ್ಟಿದೆವು.

ಆಫೀಸಿನಲ್ಲಿ ದೊಡ್ಡ ಫಾದರ್ ಕುರ್ಚಿ ತೋರಿಸಿದರೂ ಅಪ್ಪ ಕೂರಲಿಲ್ಲ. ಹೆಗಲ ಮೇಲಿನ ಪಂಚೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಸಣ್ಣ ಫಾದರ್ ಕಿಟಕಿಯ ಹತ್ತಿರ ನೋಟ್‌ಬುಕ್ ಹಿಡಿದು ಕೂತಿದ್ದರು. ದೊಡ್ಡ ಫಾದರ್ ಕಾಗದವನ್ನು ಓದಿ ಹೇಳಿ, ಸಹಿ ಮಾಡಿಸಿ ಎಂದರು.

ಅಪ್ಪ ಗಂಟಲು ಸರಿಮಾಡಿಕೊಂಡ. ಅವನು ಆ ದಡದ ದೊಡ್ಡವರ ಎದುರು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಫಾದರ್, ನೀವು ನಮ್ಮ ಹುಡ್ಗಿಗೆ ಓದ್ಸ್ತಾ ಇದ್ರಿ. ನಿಮ್ಮ ಋಣ ಇದೆ. ಆದ್ರೆ ಇದು ಎಂತಕ್ಕೆ ಕ್ಷಮೆ ಕೇಳೂದು? ಅವ್ಳು ಹೊರಗಿದ್ಲು. ಇದ್ದದ್ದು ಇದ್ದ ಹಾಗೆ ಹೇಳಿದ್ಲು. ಅಷ್ಟು ಜನರ ಎದುರು ಮಾನ ಬಿಟ್ಟು ನಿಜ ಹೇಳಿದ್ಲು. ನಾನು ಹೊಡ್ದೆ, ಅದು ನನ್ನ ತಪ್ಪು. ನಿಜ ಹೇಳಿದ್ದಕ್ಕೆ ನನ್ನ ಮಗಳು ಯಾರ ಹತ್ರನೂ ಕ್ಷಮೆ ಕೇಳೂದು ಬ್ಯಾಡ. ಸೀಟು ಹೋದ್ರೆ ಹೋತು."

ನನಗಾಗಿ ಅವನು ಸೀಟನ್ನೇ ಬಿಟ್ಟುಕೊಟ್ಟ. ಅದೂ ನಾನು ಹೇಳದೇ ಇದ್ದ ನಿಜಕ್ಕಾಗಿ. ಸುಮ್ಮನಿದ್ದಿದ್ದರೆ ಅಪ್ಪನ ಕಣ್ಣಲ್ಲಿ ಸತ್ಯವಂತಳಾಗಿ ಮನೆಗೆ ಹೋಗುತ್ತಿದ್ದೆ. ಆಗಲಿಲ್ಲ. ಎಲ್ಲರ ಎದುರು ಎದೆಯುಬ್ಬಿಸಿ ನಿಲ್ಲಬಲ್ಲೆ, ಆ ಮಾತಿನ ಕೆಳಗೆ ನಿಲ್ಲಲಾರೆ.

"ಅಪ್ಪಾ, ಅವತ್ತು ಹೇಳಿದ್ದು ಸುಳ್ಳು," ಎಂದೆ. "ಅವತ್ತು ನಾನು ಹೊರಗಿರಲಿಲ್ಲ. ಅಳಿವೆ ನೋಡಿ ಹೆದರಿಕೆ ಆತು. ದೋಣಿ ನಿಲ್ಲಿಸೂಕೆ ಬೇರೆ ದಾರಿ ಇರ್ಲಿಲ್ಲ. ನಿಜವಾಗಿ ಹೊರಗಾಗಿದ್ದು ಇವತ್ತು. ಇವತ್ತು ನಿನ್ನ ಪಾತಿಯಲ್ಲಿ, ನಿನ್ನ ಬಲೆ ಮೇಲೆ ಕಾಲಿಟ್ಟು ಬಂದಿದ್ದೆ. ಎಂತದೂ ಆಗ್ಲಿಲ್ಲ."

ಸಣ್ಣ ಫಾದರ್ ನೆಲ ನೋಡುತ್ತಿದ್ದರು. ಅಪ್ಪ ನನ್ನನ್ನೇ ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ತಿನ್ನುತ್ತಿದ್ದೆ.

ಅವನು ದೊಡ್ಡ ಫಾದರ್ ಕಡೆ ತಿರುಗಿದ. "ಅಳಿವೆ ಸರಿ ಇರ್ಲಿಲ್ಲ ಫಾದರ್," ಎಂದ. "ನಂಗೂ ಹೆದ್ರಿಕೆ ಆಗಿತ್ತು. ಆದ್ರೂ ಹೋಗ್ತಿದ್ದೆ. ಮಕ್ಕಳನ್ನೆಲ್ಲ ತಕಂಡು ಹೋಗ್ತಿದ್ದೆ."

ಸಣ್ಣ ಫಾದರ್ ಎದ್ದು ನಿಂತರು. "ನನಗೆ ಯಾಕೆ ಹೇಳಲಿಲ್ಲ ನೀವು?"

"ನೀವು ಕೇಳಿದ್ದು ಹೊರಡ್ವನಾ ಅಂತ. ಹೋಗೂಕಾಗ್ತದಾ ಅಂತ ಕೇಳ್ಲಿಲ್ಲ."

ಸಣ್ಣ ಫಾದರ್ ನೋಟ್‌ಬುಕ್ ಮುಚ್ಚಿದರು. ಮತ್ತೆ ಕೂತರು.

ದೊಡ್ಡ ಫಾದರ್ ಟೈಪ್ ಮಾಡಿದ ಕಾಗದವನ್ನು ಪಕ್ಕಕ್ಕೆ ಸರಿಸಿ, ಬಿಳಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. "ನಡೆದದ್ದನ್ನು ಬರೆ," ಎಂದರು. ಬರೆದೆ. ನಾನು ಸುಳ್ಳು ಹೇಳಿದೆ, ಅಳಿವೆ ಕೆಟ್ಟಿದ್ದರಿಂದ ಹೇಳಿದೆ, ಎಂದು ಎರಡೇ ಸಾಲು. ಕ್ಷಮೆಯ ಮಾತು ಬರೆಯಲಿಲ್ಲ, ಅವರೂ ಕೇಳಲಿಲ್ಲ. ಕೆಳಗೆ ಅಪ್ಪ ಸಹಿ ಮಾಡಬೇಕಿತ್ತು. ಅವನಿಗೆ ಬರೆಯಲು ಬರುತ್ತಿದ್ದದ್ದು ಅವನ ಹೆಸರೊಂದೇ. ತಾಂಡೇಲನೊಬ್ಬ ತಾನು ಹೊರಟ ಅಳಿವೆ ಕೆಟ್ಟಿತ್ತು ಎಂಬ ಮಾತಿನ ಕೆಳಗೆ ಹೆಸರು ಬರೆಯುವುದೆಂದರೆ ಏನೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಂದೊಂದೇ ಅಕ್ಷರ ಬರೆದ. ಪೆನ್ನನ್ನು ಜೋಪಾನವಾಗಿ ಇಟ್ಟ.

ಸೀಟು ಉಳಿಯಿತು. ಚೀಟಿಯೂ ಸಿಕ್ಕಿತು. ಸಣ್ಣ ಫಾದರ್ ವಿಧೇಯತೆಯ ಕಾಲಂನಲ್ಲಿ ನನಗೆ ಸೊನ್ನೆ ಹಾಕಿದ್ದರು, ಅದನ್ನು ತಿದ್ದಲಿಲ್ಲ. ತಿದ್ದಬೇಕಾಗಿಯೂ ಇರಲಿಲ್ಲ, ನನಗೆ ಸಲ್ಲಬೇಕಾದ ಅಂಕ ಅದು. ಮುಂದಿನ ವರ್ಷದ ಶಿಬಿರ ಐದೂ ದಿನ ಗುಡ್ಡದಲ್ಲೇ ನಡೆಯಿತು. ಯಾಕೆ ಎಂದು ಯಾರೂ ಹೇಳಲಿಲ್ಲ.

ಆಫೀಸಿನಿಂದ ಇಳಿದು ಹೊಳೆಯ ದಡಕ್ಕೆ ಬಂದೆವು. ಅಪ್ಪ ಪಾತಿಯ ಹಗ್ಗ ಬಿಚ್ಚಿ ಹಿಡಿದು ನಿಂತ. ನಾನು ದೂರದಲ್ಲೇ ನಿಂತಿದ್ದೆ. ಈಗ ಅವನಿಗೆ ಗೊತ್ತಿತ್ತಲ್ಲ.

"ಹತ್ತು," ಎಂದ.

ಹತ್ತಿದೆ. ನಡುಹೊಳೆಯಲ್ಲಿ ಅವನು ಹುಟ್ಟು ನಿಲ್ಲಿಸಿದ. ನೀರು ಹುಟ್ಟಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ನಾ ಹೆದ್ರಿದ್ದು ಅವತ್ತು ನಿಂಗೆ ಕಂಡಿತ್ತಾ?"

"ಕಂಡಿತ್ತು."

"ಬೇರೆ ಯಾರಿಗಾದ್ರೂ ಕಂಡಿತ್ತಾ?"

"ಇಲ್ಲ ಅಪ್ಪಾ. ನಂಗೊಬ್ಳಿಗೇ."

ಅವನು ತಲೆಯಾಡಿಸಿ ಮತ್ತೆ ಹುಟ್ಟು ಹಾಕಿದ. ನಾನು ಹೇಳಿದ್ದು ಸುಳ್ಳು. ಅವನು ನೀರಿಗೆ ಕಾಲಿಟ್ಟು ತೆಗೆದದ್ದು ದಡದಲ್ಲಿದ್ದ ಎಂಟು ಜನಕ್ಕೂ ಕಂಡಿತ್ತು. ಆ ಸುಳ್ಳಿಗೆ ಯಾವ ಫಾದರ್ ಕೇಳಿದರೂ, ಮೇಲಿರುವವನೇ ಇಳಿದು ಬಂದು ಕೇಳಿದರೂ, ನಾನು ಒಂದು ಸಾಲನ್ನೂ ಬರೆದುಕೊಡುವುದಿಲ್ಲ.